ಅಂಟು ಬಿಟ್ಟು ಉಪ್ಪುನೀರಿಗೆ

ಮಿದುಳಿನ ಇಇಜಿ ಪರೀಕ್ಷೆ ಮಾಡಿಸಿಕೊಂಡವರಿಗೆ ಆ ಅಂಟು ನೆನಪಿರುತ್ತದೆ. ಕೂದಲು ಬಿಡಿಸಿ ಬಿಡಿಸಿ ನೆತ್ತಿಗೆ ಪೇಸ್ಟ್ ಹಚ್ಚಿ, ಒಂದೊಂದೇ ತಂತಿ ಕೂರಿಸಿ, ಅಲ್ಲಾಡಬೇಡಿ ಎಂದು ಮಲಗಿಸುತ್ತಾರೆ. ಮನೆಗೆ ಬಂದು ಎರಡು ಸಲ ತಲೆಸ್ನಾನ ಮಾಡಿದರೂ ಬಾಚಣಿಗೆಗೆ ಅದು ಹತ್ತುತ್ತಲೇ ಇರುತ್ತದೆ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲು ದಾಖಲಿಸಿದರೂ, ಈ ಪರೀಕ್ಷೆ ಬಹುಕಾಲ ಆಸ್ಪತ್ರೆ, ಪ್ರಯೋಗಾಲಯಗಳ ಹೊಸ್ತಿಲು ದಾಟಲಿಲ್ಲ. ದಾಟಿಸಲು ಹೊರಟವರಲ್ಲಿ ಎಮೋಟಿವ್ ಕಂಪನಿಯೂ ಒಂದು. ಈಗಾಗಲೇ ಎರಡು ದಶಕ ಕಂಡಿರುವ ಅದರ ಚರಿತ್ರೆಯನ್ನು ಒಂದು ದೋಣಿಯಿಂದ ಶುರುಮಾಡಬೇಕು.

1981. ದಕ್ಷಿಣ ವಿಯೆಟ್ನಾಂನಿಂದ ತಪ್ಪಿಸಿಕೊಂಡು ಹೊರಟ ಆ ದೋಣಿಯಲ್ಲಿ ನಾಲ್ಕು ವರ್ಷದ ಟಾನ್ ಲೇ, ಸೋದರಿ, ತಾಯಿ, ಅಜ್ಜಿ ಇದ್ದರು. ಅಪ್ಪ ಊರಲ್ಲೇ ಉಳಿದರು. ಕಡಲ್ಗಳ್ಳರ ಕೈಗೆ ಸಿಕ್ಕರೆ ಇರಲೆಂದು ತಾಯಿಯ ಬಳಿ ವಿಷದ ಸೀಸೆಯಿತ್ತು. ಬ್ರಿಟಿಷ್ ತೈಲ ಹಡಗೊಂದು ಇವರನ್ನು ಹತ್ತಿಸಿಕೊಂಡಿದ್ದರಿಂದ ಸೀಸೆಯ ಬಿರಡೆ ತೆಗೆಯುವ ಪ್ರಸಂಗ ಬರಲಿಲ್ಲ. ಮಲೇಷ್ಯಾದ ನಿರಾಶ್ರಿತರ ಶಿಬಿರ, ಆಮೇಲೆ ಮೆಲ್ಬರ್ನ್‌ನ ಫುಟ್ಸ್‌ಕ್ರೇ. ತಾಯಿ ಹೊಲದಲ್ಲಿ ದುಡಿದರು, ಕಾರು ಕಾರ್ಖಾನೆಯಲ್ಲಿ ಎರಡೆರಡು ಪಾಳಿ ಮಾಡಿದರು, ನಡುವೆಯೇ ಇಂಗ್ಲಿಷ್ ಕಲಿತರು, ಕಂಪ್ಯೂಟರ್ ಕಲಿತರು. ಮುಂದೆ ಅದೇ ಭಾಗದ ಮೇಯರೂ ಆದರು.

ಟಾನ್ ಲೇ ಓದಿದ್ದು ಕಾನೂನು, ಮೊನಾಷ್ ವಿಶ್ವವಿದ್ಯಾಲಯದಲ್ಲಿ. 1998ರಲ್ಲಿ ‘ಯಂಗ್ ಆಸ್ಟ್ರೇಲಿಯನ್ ಆಫ್ ದಿ ಇಯರ್’ ಗೌರವ ಬಂತು. ವಕೀಲಿಕೆಯಲ್ಲಿ ಮನಸ್ಸು ನಿಲ್ಲಲಿಲ್ಲ. 2003ರಲ್ಲಿ ನಾಮ್ ಡೋ, ವಿಜ್ಞಾನಿ ಆಲನ್ ಸ್ನೈಡರ್, ಚಿಪ್ ವಿನ್ಯಾಸಗಾರ ನೀಲ್ ವೆಸ್ಟ್ ಜತೆ ಸೇರಿ ಎಮೋಟಿವ್ ಕಟ್ಟಿದರು.

ಮಿದುಳಿನ ಅಲೆಗಳನ್ನು ಹಿಡಿಯುವ ಅದರ ಎಪಾಕ್ ಎಂಬ ಹೆಡ್‌ಸೆಟ್ ಗ್ರಾಹಕರ ಕೈಗೆ ಬಂದದ್ದು 2009ರಲ್ಲಿ. ಆಗಿನ ಬೆಲೆ 299 ಡಾಲರ್. ಜೇಡದ ಕಾಲಿನಂಥ ತೋಳುಗಳು, ತುದಿಯಲ್ಲಿ 14 ಸೆನ್ಸರ್. ಅಂಟಿನ ಗೊಡವೆಯಿಲ್ಲ; ಪುಟ್ಟ ಬತ್ತಿಯಂಥ ಮೆತ್ತೆಗಳನ್ನು ಉಪ್ಪುನೀರಿನಲ್ಲಿ ನೆನೆಸಿ ತಲೆಗೆ ಹಾಕಿಕೊಂಡರೆ ಸರಿ. ತೊಡಕು ಇದ್ದದ್ದು ಬೇರೆಡೆ. ಮಿದುಳಿನ ಹೊರಪದರ ಹಿಂಡಿಟ್ಟ ಬಟ್ಟೆಯಂತೆ ಮಡಿಕೆ ಮಡಿಕೆ, ಒಬ್ಬರ ಮಡಿಕೆ ಇನ್ನೊಬ್ಬರಿಗಿಲ್ಲ. ಹಾಗಾಗಿ ಯಂತ್ರ ಪ್ರತಿ ತಲೆಯ ಪರಿಚಯವನ್ನೂ ಹೊಸದಾಗಿ ಮಾಡಿಕೊಳ್ಳಬೇಕು. 2010ರ ಟೆಡ್ ಭಾಷಣ ವೇದಿಕೆಯಲ್ಲಿ ಟಾನ್ ಲೇ ಒಬ್ಬರ ತಲೆಗೆ ಅದನ್ನು ತೊಡಿಸಿ, 8 ಸೆಕೆಂಡು ಸುಮ್ಮನೆ ಕೂರಿಸಿದರು. ಇನ್ನು 8 ಸೆಕೆಂಡು, ಪರದೆಯ ಮೇಲಿನ ಘನವನ್ನು ತನ್ನತ್ತ ಎಳೆಯುವಂತೆ ಊಹಿಸಿಕೊಳ್ಳಲು ಹೇಳಿದರು. ಘನ ಮುಂದೆ ಬಂತು.

ಅಷ್ಟಕ್ಕೇ ಮನಸ್ಸು ಓದುವ ಯಂತ್ರ ಎಂದು ಕುಣಿದವರೂ ಉಂಟು. ಅದು ಅತಿಯಾಯಿತು. ಹುಬ್ಬು ಹಾರಿಸಿದರೆ, ಹಲ್ಲು ಕಚ್ಚಿದರೆ ಸ್ನಾಯುಗಳ ವಿದ್ಯುತ್ ಸಂಕೇತವೂ ಅಲೆಗಳೊಂದಿಗೆ ಬೆರೆಯುತ್ತದೆ. ಆಸ್ಪತ್ರೆಯ ಯಂತ್ರದ ನಿಖರತೆ ಇದಕ್ಕಿಲ್ಲ. ತಮಾಷೆಯೆಂದರೆ, ವಿಡಿಯೊ ಗೇಮ್ ಆಡುವವರಿಗೆಂದು ಮಾಡಿದ್ದನ್ನು ಬಿಡದೆ ಹಿಡಿದುಕೊಂಡವರು ಸಂಶೋಧಕರು. ದುಬಾರಿ ಉಪಕರಣ ಕೊಳ್ಳಲಾಗದ ವಿಭಾಗಗಳಿಗೆ ಇದು ಕೈಗೆಟುಕಿತು. ನನ್ನ ಲೆಕ್ಕದಲ್ಲಿ ಕಂಪನಿಯ ನಿಜವಾದ ಗಳಿಕೆ ಇದೇ. 5 ಸೆನ್ಸರ್‌ಗಳ ಹಗುರ ಹೆಡ್‌ಸೆಟ್ ‘ಇನ್‌ಸೈಟ್’ಗೆ 2013ರಲ್ಲಿ ಜನರೇ ಮುಂಗಡ ಹಣ ಹಾಕಿದರು.

2017ರಲ್ಲಿ ಬ್ರೆಜಿಲ್‌ನ ರೊಡ್ರಿಗೊ ಮೆಂಡೆಸ್ ಎಮೋಟಿವ್‌ನ ಹೆಡ್‌ಸೆಟ್ ತೊಟ್ಟು ರೇಸ್ ಕಾರಿನಲ್ಲಿ ಕೂತರು. ಅವರಿಗೆ ಕೈಕಾಲುಗಳ ಸ್ವಾಧೀನವಿಲ್ಲ. ವೇಗ ಹೆಚ್ಚಿಸಬೇಕಾದಾಗ ಗೋಲು ಹೊಡೆದ ಸಂಭ್ರಮವನ್ನು ಮನಸ್ಸಿಗೆ ತಂದುಕೊಂಡರು. ಒಂದು ಕಡೆ ತಿರುಗಲು ರುಚಿಯಾದ ತಿನಿಸನ್ನು, ಇನ್ನೊಂದು ಕಡೆಗೆ ಸೈಕಲ್ಲಿನ ಹ್ಯಾಂಡಲ್ ಹಿಡಿದಿರುವುದನ್ನು ನೆನೆದರು. ಕಾರು ತಿರುಗಿತು.