ಒಂದು ಗಣಕ, ಎರಡು ವ್ಯವಸ್ಥೆ: 512 ಬೈಟುಗಳ ಇತಿಹಾಸ

ಗಣಕದ ಗುಂಡಿ ಒತ್ತಿದ ಕ್ಷಣದಲ್ಲಿ ಅದರ ಮುಖ್ಯ ಸ್ಮೃತಿ ಬರಿದಾಗಿರುತ್ತದೆ. ಕಾರ್ಯಾಚರಣ ವ್ಯವಸ್ಥೆಯನ್ನು ಡಿಸ್ಕಿನಿಂದ ಓದಿ ತರಲು ಒಂದು ಕ್ರಮವಿಧಿ ಬೇಕು. ಆ ಕ್ರಮವಿಧಿಯನ್ನು ತರುವುದು ಯಾವುದು? ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ಮೇಲೇಳುವಂತಹ ಈ ಒಗಟಿನಿಂದಲೇ 'ಬೂಟ್' ಎಂಬ ಹೆಸರು ಬಂದಿದೆ.

1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಈ ಕೆಲಸ ರಾಮ್ ಸ್ಮೃತಿಯದಲ್ಲ, ಅಳಿಸಲಾಗದ ಚಿಪ್ಪಿನಲ್ಲಿದ್ದ ಬಯಾಸ್‌ನದು. ಪಿಸಿ-ಡಾಸ್, ಸಿಪಿ/ಎಂ-86, ಯುಸಿಎಸ್‌ಡಿ ಪಿ-ಸಿಸ್ಟಮ್ ಎಂಬ ಮೂರು ವ್ಯವಸ್ಥೆಗಳನ್ನು ಐಬಿಎಂ ಘೋಷಿಸಿತ್ತು. ಫ್ಲಾಪಿ ಬದಲಿಸಿದರೆ ವ್ಯವಸ್ಥೆಯೇ ಬದಲಾಗುತ್ತಿತ್ತು, ಜಗಳಕ್ಕೆ ಆಸ್ಪದವಿರಲಿಲ್ಲ.

1983ರ ಪಿಸಿ ಎಕ್ಸ್‌ಟಿಯೊಂದಿಗೆ 10 ಮೆಗಾಬೈಟ್‌ನ ಹಾರ್ಡ್ ಡಿಸ್ಕ್ ಬಂದಿತು. ಒಂದೇ ಮನೆಯಲ್ಲಿ ಎರಡು ಒಲೆ ಹೂಡುವ ಪ್ರಶ್ನೆ ಆಗ ಎದ್ದಿತು. ಡಿಸ್ಕಿನ ಮೊದಲ ವಲಯದ 512 ಬೈಟುಗಳನ್ನು ಹೀಗೆ ಹಂಚಲಾಯಿತು: 446 ಬೈಟು ಆರಂಭಿಕ ಕ್ರಮವಿಧಿಗೆ, ತಲಾ 16 ಬೈಟುಗಳಂತೆ ನಾಲ್ಕು ವಿಭಾಗಗಳ ವಿವರಕ್ಕೆ 64, ಗುರುತಿಗೆ 2. ಬಯಾಸ್‌ಗೆ ವಿಭಾಗಗಳ ಪರಿವೆಯಿಲ್ಲ. ಅದು ಮೊದಲ ವಲಯವನ್ನು ಸ್ಮೃತಿಗೆ ತಂದು ಅಧಿಕಾರ ಒಪ್ಪಿಸುತ್ತದೆ, ಅಷ್ಟೆ. ಆದ್ದರಿಂದ ಆ ವಲಯವನ್ನು ಕೊನೆಯಲ್ಲಿ ಬರೆದವರೇ ಯಜಮಾನರು! ವಿಂಡೋಸ್ ಅನ್ನು ಮೊದಲು, ಲಿನಕ್ಸ್ ಅನ್ನು ಆಮೇಲೆ ಸ್ಥಾಪಿಸಬೇಕೆಂಬ ಹಳೆಯ ನಿಯಮಕ್ಕೆ ಇದೇ ಕಾರಣ. ವಿಂಡೋಸ್ ಸ್ಥಾಪನೆಯು ಅಲ್ಲಿದ್ದುದನ್ನು ಅಳಿಸಿ ತನ್ನದನ್ನು ಬರೆಯುತ್ತಿತ್ತು.

ಆಯ್ಕೆಯ ಪಟ್ಟಿ ತೋರಿಸುವ ಏರ್ಪಾಡು 1992ರಲ್ಲಿ ಓಎಸ್/2 2.0ರ ಜೊತೆಗೂ, 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆಗೂ ಬಂದಿತು. ಲಿನಕ್ಸ್‌ಗಾಗಿ ವೆರ್ನರ್ ಆಲ್ಮೆಸ್‌ಬರ್ಗರ್ 'ಲಿಲೊ' ರಚಿಸಿದರು. ಅದಕ್ಕೆ ಕಡತಗಳ ಅರಿವಿರಲಿಲ್ಲ. ತಿರುಳು ಕಡತವು ಡಿಸ್ಕಿನ ಯಾವ ಜಾಗದಲ್ಲಿದೆ ಎಂಬುದನ್ನಷ್ಟೇ ನೆನಪಿಡುತ್ತಿತ್ತು. ಕಡತ ಬದಲಾದಾಗ ಲಿಲೊವನ್ನು ಮತ್ತೆ ನಡೆಸದಿದ್ದರೆ ಗಣಕ ಏಳುತ್ತಿರಲಿಲ್ಲ. 1995ರಲ್ಲಿ ಎರಿಕ್ ಬೋಲಿನ್ ಆರಂಭಿಸಿದ 'ಗ್ರಬ್' ಕಡತ ವ್ಯವಸ್ಥೆಯನ್ನೇ ಓದಬಲ್ಲುದಾಗಿ ಈ ತೊಡಕನ್ನು ನಿವಾರಿಸಿತು.

ಇನ್ನೊಂದು ತೊಡಕು ಬರೀ ಲೆಕ್ಕದ್ದು. ಬಯಾಸ್ ಸಿಲಿಂಡರ್‌ಗೆ 10, ಹೆಡ್‌ಗೆ 8, ಸೆಕ್ಟರ್‌ಗೆ 6 ಬಿಟ್ ಕೊಟ್ಟಿತ್ತು. ಸೆಕ್ಟರ್ ಎಣಿಕೆ 1ರಿಂದ ಆರಂಭ. 1024 × 256 × 63 × 512 ಗುಣಿಸಿ ನೋಡಿ: ಸುಮಾರು 845 ಕೋಟಿ ಬೈಟು. ಅದರಾಚೆಗಿನ ಡಿಸ್ಕ್ ಭಾಗ ಹಳೆಯ ಬಯಾಸ್‌ಗೆ ಕಾಣದು.

ಕನ್ನಡಿಗರಿಗೆ ಎರಡು ವ್ಯವಸ್ಥೆ ಬೇಕಾದುದಕ್ಕೆ ಲಿಪಿಯೂ ಒಂದು ಕಾರಣ. 1998ರ 'ಬರಹ' ಮತ್ತು ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶಗಳು ವಿಂಡೋಸ್‌ಗೆಂದು ರಚಿತವಾದವು. ಫಾಂಟಿಗೆ ಅಂಟಿದ ಸಂಕೇತದಲ್ಲಿ ಬರೆದ ಪಠ್ಯ, ಆ ಫಾಂಟ್ ಇಲ್ಲದೆಡೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತಿತ್ತು. ಲಿನಕ್ಸ್‌ನಲ್ಲಾದರೋ ಸಿ, ಫೋರ್ಟ್ರಾನ್, ಲೇಟೆಕ್ ಉಚಿತ. ವಿಜಯಪುರ ಜಿಲ್ಲೆಯ ಇಂಗಳೇಶ್ವರದಂತಹ ಊರಿನಲ್ಲಿ ಒಂದೇ ಗಣಕವಿರುವ ಶಿಕ್ಷಕರು ಪ್ರಶ್ನೆಪತ್ರಿಕೆಗೆ ಒಂದನ್ನು, ಲೆಕ್ಕಾಚಾರಕ್ಕೆ ಇನ್ನೊಂದನ್ನು ಬಳಸಬೇಕೆಂದರೆ ಡಿಸ್ಕ್ ಹಂಚುವುದೇ ದಾರಿ. 1991ರಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದ ಯೂನಿಕೋಡ್ ಬಳಕೆಗೆ ಬಂದಂತೆ ಈ ಗೋಡೆ ಕುಸಿಯಿತು.

ಗಡಿಯಾರದ ಜಗಳವೂ ಸ್ವಾರಸ್ಯಕರ. ಯಂತ್ರದೊಳಗಿನ ಗಡಿಯಾರ ಸ್ಥಳೀಯ ವೇಳೆ ತೋರಿಸುತ್ತದೆಂದು ವಿಂಡೋಸ್ ಭಾವಿಸಿದರೆ, ಲಿನಕ್ಸ್ ಸಾಮಾನ್ಯವಾಗಿ ಅದನ್ನು ಜಾಗತಿಕ ವೇಳೆಯೆಂದು ತಿಳಿಯುತ್ತದೆ. ಹೊಂದಿಸದಿದ್ದರೆ ಭಾರತದಲ್ಲಿ ವ್ಯತ್ಯಾಸ 5 ಗಂಟೆ 30 ನಿಮಿಷ!

2005ರಲ್ಲಿ ಸ್ಥಾಪನೆಯಾದ ಯುಇಎಫ್‌ಐ ವೇದಿಕೆ ರೂಪಿಸಿದ ಮಾನದಂಡದಲ್ಲಿ ಪ್ರತಿ ವ್ಯವಸ್ಥೆಯ ಬೂಟ್ ಕಡತಕ್ಕೂ ಪ್ರತ್ಯೇಕ ಜಾಗವಿದೆ. 446 ಬೈಟುಗಳಿಗಾಗಿ ಕಾದಾಡಬೇಕಿಲ್ಲ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ರ ಷರತ್ತುಗಳಿಗೆ ಹೊಂದದ ಹಳೆಯ ಗಣಕಗಳನ್ನು ಎಸೆಯಬೇಕಿಲ್ಲ. ಅಂತರಜಾಲದ ಕೆಲಸಕ್ಕೆ ಲಿನಕ್ಸ್ ಜೊತೆಗೂಡಿಸಬಹುದು. ಆದರೆ ಡಿಸ್ಕ್ ಹಂಚುವ ಮೊದಲು ವಿದ್ಯಾರ್ಥಿಗಳ ದಾಖಲೆಗಳ ಪ್ರತಿ ಬೇರೊಂದು ಡಿಸ್ಕಿನಲ್ಲಿರಲಿ. ವ್ಯವಸ್ಥೆಯನ್ನು ಮತ್ತೆ ಸ್ಥಾಪಿಸಬಹುದು, ಅಳಿಸಿಹೋದ ಅಂಕಪಟ್ಟಿಯನ್ನಲ್ಲ.