ಹಾಳಲ್ಲದ ಹಂಪೆ

ನಮ್ಮ ಕಡೆಯ ಮಾತಿನಲ್ಲಿ ಹಂಪೆಯ ಹೆಸರು ಒಂಟಿಯಾಗಿ ಬರುವುದು ಕಡಿಮೆ. 'ಹಾಳು ಹಂಪೆ' ಎಂದೇ ಬರುತ್ತದೆ. ಮನೆಯ ಸಾಮಾನೆಲ್ಲ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೂ 'ಏನೇ ಇದು, ಹಾಳು ಹಂಪೆ ಮಾಡಿಟ್ಟಿದ್ದೀಯಲ್ಲ' ಎನ್ನುವ ಹಿರಿಯರುಂಟು. ನಾವು ಶಾಲೆಯಲ್ಲಿ ಹೇಳುವ ಪಾಠವೂ ಈ ಮಾತಿಗೆ ತಕ್ಕ ಹಾಗೆಯೇ ಇದೆ. 1336ರಲ್ಲಿ ಸಾಮ್ರಾಜ್ಯ ಹುಟ್ಟಿತು, ಕೃಷ್ಣದೇವರಾಯ ಆಳಿದ, 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಯುದ್ಧದಲ್ಲಿ ಎಲ್ಲವೂ ಮುಗಿಯಿತು. ಪಾಠ ಅಲ್ಲಿಗೆ ನಿಲ್ಲುತ್ತದೆ, ಗಂಟೆ ಹೊಡೆಯುತ್ತದೆ. ಆಮೇಲಿನ ನಾನೂರೈವತ್ತು ವರ್ಷ ಆ ಊರಿನಲ್ಲಿ ಯಾರಿದ್ದರು, ಏನು ಉಂಡರು, ಹೇಗೆ ಬದುಕಿದರು ಎಂಬುದು ಪರೀಕ್ಷೆಗೆ ಬರುವುದಿಲ್ಲ.

ಆದರೆ ಹಂಪೆ ಪೂರ್ತಿ ಹಾಳಾಗಿ ಬಿದ್ದದ್ದು ಎಂದೂ ಇಲ್ಲ. ಅರಮನೆಗಳು ಉರುಳಿದವು ನಿಜ, ವಿಠ್ಠಲನ ಗುಡಿಯಲ್ಲಿ ದೀಪ ಆರಿತು ನಿಜ. ವಿರೂಪಾಕ್ಷನ ಗುಡಿಯಲ್ಲಿ ಮಾತ್ರ ಇಂದಿಗೂ ಪೂಜೆ ನಡೆಯುತ್ತಿದೆ. ಪಂಪಾಂಬಿಕೆಗೂ ವಿರೂಪಾಕ್ಷನಿಗೂ ಫಲಪೂಜೆಯ ದಿನ ನಿಶ್ಚಿತಾರ್ಥವಾಗುತ್ತದೆ, ಚೈತ್ರದಲ್ಲಿ ತೇರು ಎಳೆಯುತ್ತಾರೆ. ಇನ್ನೊಂದು ಸಂಗತಿ ಪ್ರವಾಸಿಗಳ ಕಣ್ಣಿಗೆ ಬೀಳುವುದೇ ಇಲ್ಲ. ಗುಡಿಗಳ ಪ್ರದೇಶಕ್ಕೂ ಅರಮನೆಯ ಆವರಣಕ್ಕೂ ನಡುವಿನ ತಗ್ಗಿನಲ್ಲಿ ಹಸಿರು ಬಾಳೆತೋಟಗಳಿವೆಯಲ್ಲ, ಅವಕ್ಕೆ ನೀರುಣಿಸುವ ತುರ್ತಾ ಕಾಲುವೆ ವಿಜಯನಗರದ ಕಾಲದ್ದು. ತುಂಗಭದ್ರೆಗೆ 1953ರಲ್ಲಿ ದೊಡ್ಡ ಅಣೆಕಟ್ಟು ಬಂದ ಮೇಲೂ ಆ ಹಳೆಯ ಕಾಲುವೆ ಉಳಿದುಕೊಂಡಿತು. ಕಲ್ಲಿನ ರಥವನ್ನು ನೋಡಲು ಟಿಕೆಟ್ಟು ಕೊಳ್ಳುತ್ತೇವೆ. ಅಷ್ಟೇ ಹಳೆಯದಾದ ಕಾಲುವೆಯನ್ನು ದಾಟುವಾಗ ತಿರುಗಿಯೂ ನೋಡುವುದಿಲ್ಲ.

ಈ ಮಾತನ್ನು ನಾನು ಎತ್ತಲು ಕಾರಣವಿದೆ. ಪ್ರವಾಸೋದ್ಯಮ ಬೆಳೆಯಬೇಕು, ಅದರಿಂದ ನಾಲ್ಕು ಜನಕ್ಕೆ ಅನ್ನ ಸಿಗಬೇಕು ಎನ್ನುವವರು ಒಂದು ಕಡೆ. ಸ್ಮಾರಕಗಳು ಉಳಿಯಬೇಕು, ಅವುಗಳ ಹತ್ತಿರ ಯಾರೂ ಸುಳಿಯಬಾರದು ಎನ್ನುವವರು ಇನ್ನೊಂದು ಕಡೆ. ಇಬ್ಬರ ಜಗಳವೂ ಹಂಪೆಯಲ್ಲಿ ಹಲವು ಸಲ ಬೀದಿಗೆ ಬಂದಿದೆ. ಆ ಜಗಳದ ನಡುವೆ ಸಿಕ್ಕಿಕೊಂಡವರು ಮಾತ್ರ ಅಲ್ಲಿಯೇ ಹುಟ್ಟಿ ಬೆಳೆದ ಸಂಸಾರಸ್ಥರು.

ಹಂಪೆಯ ಬೀದಿಗಳು ಬರಿಯ ದೇವರ ಬೀದಿಗಳಲ್ಲ, ವ್ಯಾಪಾರದ ಬೀದಿಗಳೂ ಹೌದು. ದೊಡ್ಡ ಗುಡಿಗಳ ಮುಂದೆ ತೇರಿನ ಬೀದಿ, ಬೀದಿಯ ಎರಡೂ ಬದಿಗೆ ಕಲ್ಲಿನ ಸಾಲುಮಂಟಪ, ಅಲ್ಲಿ ಅಂಗಡಿ: ಇದು ಆ ನಗರ ಕಟ್ಟಿದವರೇ ಹಾಕಿಕೊಂಡ ಕ್ರಮ. 1443ರಲ್ಲಿ ಪರ್ಷಿಯಾದ ದೊರೆಯ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕ್ ಇಲ್ಲಿಯ ಬಜಾರುಗಳ ಉದ್ದಗಲವನ್ನೂ ಹೂವಿನ ವ್ಯಾಪಾರವನ್ನೂ ಕಂಡು ಬೆರಗಾಗಿ ಬರೆದಿದ್ದಾನೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸಿನ ಡೊಮಿಂಗೊ ಪಾಯೆಸ್ ವಜ್ರ, ಮುತ್ತು, ಮಾಣಿಕ್ಯಗಳ ಜೊತೆಗೆ ನಿಂಬೆ, ಕಿತ್ತಳೆ, ದ್ರಾಕ್ಷಿ, ಸೊಪ್ಪುಸದೆ, ಕಟ್ಟಿಗೆ ಮಾರುವ ಸಂತೆಯನ್ನೂ ಮರೆಯದೆ ಹೇಳುತ್ತಾನೆ. ವಜ್ರವನ್ನು ರಾಶಿ ಹಾಕಿ ಮಾರಿದ ಕಥೆ ನಮಗೆಲ್ಲ ಗೊತ್ತು. ಸಂಜೆ ಅಡಿಗೆಗೆ ಸೊಪ್ಪು ಕೊಂಡು ಮನೆಗೆ ಹೋದ ಹೆಂಗಸಿನ ನೆನಪು ನನಗೆ ಅದಕ್ಕಿಂತ ಹತ್ತಿರದ್ದು. ವಿರೂಪಾಕ್ಷನ ಗುಡಿಯ ಮುಂದಿನ ಬೀದಿ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದವಾಗಿ ಎದುರು ಬಸವಣ್ಣನವರೆಗೆ ಚಾಚಿಕೊಂಡಿದೆ. ಆ ಗುಡಿಯ ರಂಗಮಂಟಪವನ್ನು ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸತರಲ್ಲಿ ಕಟ್ಟಿಸಿದ್ದನ್ನು 1510ರ ಶಾಸನ ಹೇಳುತ್ತದೆ.

ಸಾಮ್ರಾಜ್ಯ ಹೋದ ಮೇಲೆ ಹೊರಗಿನ ಲೋಕಕ್ಕೆ ಹಂಪೆಯನ್ನು ಮತ್ತೆ ತೋರಿಸಿಕೊಟ್ಟವರು ಹಲವರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಇಲ್ಲಿಯ ಗುಡಿಗೋಪುರಗಳ ಫೋಟೋ ತೆಗೆದ. 1900ರಲ್ಲಿ ರಾಬರ್ಟ್ ಸಿವೆಲ್ ವಿಜಯನಗರದ ಇತಿಹಾಸ ಬರೆದು, ಪಾಯೆಸ್ ಮತ್ತು ನುನಿಜ್‌ರ ಬರಹಗಳನ್ನು ಇಂಗ್ಲಿಷಿಗೆ ತಂದು ಕೊಟ್ಟ. 1986ರಲ್ಲಿ ಯುನೆಸ್ಕೋ ಹಂಪೆಯ ಸ್ಮಾರಕ ಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಮಾರು 41 ಚದರ ಕಿಲೋಮೀಟರಿನಲ್ಲಿ 1,600ಕ್ಕೂ ಮಿಕ್ಕಿ ಅವಶೇಷಗಳು ಹರಡಿಕೊಂಡಿರುವ ಜಾಗ ಅದು. ಪಟ್ಟಿ ಸೇರಿದ ಮೇಲೆ ನೋಡುವವರು ಹೆಚ್ಚಿದರು. ಅವರಿಗೆ ಊಟ, ವಸತಿ, ಬಾಡಿಗೆ ಸೈಕಲ್ಲು ಬೇಕಾಯಿತು. ಹಂಪೆ ಬಜಾರಿನ ಹಳೆಯ ಮಂಟಪಗಳಲ್ಲಿ ಮೊದಲೇ ಸಂಸಾರ ಹೂಡಿದ್ದವರು ಕಂಬಗಳ ನಡುವೆ ಗೋಡೆ ಎಬ್ಬಿಸಿ ಖಾನಾವಳಿ ತೆರೆದರು. ಹಿಂದುಗಡೆ ಲಾಡ್ಜುಗಳು ಎದ್ದವು. ಹೊಟ್ಟೆಪಾಡಿಗೆ ದಾರಿ ಕಂಡಾಗ ಯಾರು ತಾನೆ ಸುಮ್ಮನೆ ಕೂರುತ್ತಾರೆ?

ಅಷ್ಟರಲ್ಲಿ ಹೊಳೆಯ ಆಚೆ ದಂಡೆಯ ಆನೆಗುಂದಿಯವರಿಗೆ ಸೇತುವೆ ಬೇಕಾಗಿತ್ತು. ಆಸ್ಪತ್ರೆಗೆ, ಪೇಟೆಗೆ ಹರಿಗೋಲಿನಲ್ಲಿ ಹೊಳೆ ದಾಟುವ ಕಷ್ಟ ದಾಟಿದವರಿಗೇ ಗೊತ್ತು, ಅದರಲ್ಲೂ ಬಸುರಿ ಹೆಂಗಸರಿಗೆ, ಬಾಣಂತಿಯರಿಗೆ. ಸೇತುವೆಯ ಕೆಲಸ ನಡೆದಾಗ ಅದು ಸ್ಮಾರಕಗಳ ನಡುವೆಯೇ ದೊಡ್ಡ ವಾಹನಗಳನ್ನು ತರುತ್ತದೆ ಎಂದು ಆಕ್ಷೇಪ ಬಂತು. 1999ರಲ್ಲಿ ಯುನೆಸ್ಕೋ ಹಂಪೆಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ರಾಜ್ಯ ಸರಕಾರ 2002ರಲ್ಲಿ ಹಂಪೆಯ ನಿರ್ವಹಣೆಗೆಂದೇ ಒಂದು ಪ್ರಾಧಿಕಾರದ ಕಾನೂನು ಮಾಡಿತು. 2006ರಲ್ಲಿ ಆ ಕೆಟ್ಟ ಪಟ್ಟಿಯಿಂದ ಹಂಪೆಯ ಹೆಸರು ಹೊರಬಂತು. 2009ರ ಜನವರಿಯಲ್ಲಿ ಆನೆಗುಂದಿಯ ಆ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಕೂಲಿಕಾರರು ಪ್ರಾಣ ಕಳೆದುಕೊಂಡರು. ಆಮೇಲೆ ಸ್ಮಾರಕಗಳಿಂದ ದೂರದಲ್ಲಿ, ಬುಕ್ಕಸಾಗರ ಮತ್ತು ಕಡೇಬಾಗಿಲುಗಳ ನಡುವೆ ಸೇತುವೆ ಬಂತು. ಮೊದಲೇ ಕೂತು ಮಾತಾಡಿ ಜಾಗ ಆರಿಸಿದ್ದರೆ ಜನರಿಗೂ ದಾರಿ ಬೇಗ ಸಿಗುತ್ತಿತ್ತು, ಕಲ್ಲಿಗೂ ನೆಮ್ಮದಿ ಸಿಗುತ್ತಿತ್ತು.

ಇನ್ನೊಂದು ಏಟು ಬಜಾರಿನ ಮೇಲೆ ಬಿತ್ತು. 2011ರ ಜುಲೈ 29ರಂದು ಬುಲ್‌ಡೋಜರುಗಳು ಹಂಪೆ ಬಜಾರಿಗೆ ಬಂದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಸಾಮಾನು ಕಟ್ಟಿಕೊಳ್ಳಲು ಸಿಕ್ಕ ಸಮಯ ತೀರಾ ಕಡಿಮೆ. ಅವರಿಗೆ ಗೊತ್ತುಮಾಡಿದ ಜಾಗ ಕೆಲವು ಮೈಲಿ ಆಚೆಯ ಕಡ್ಡಿರಾಂಪುರದಲ್ಲಿ, ಅಲ್ಲಿ ನೆಲೆಯಾಗಲು ವರ್ಷಗಟ್ಟಲೆ ಕಾಯಬೇಕಾಯಿತು. ಪುರಾತನ ಮಂಟಪಗಳಿಗೆ ಇಟ್ಟಿಗೆ ಸಿಮೆಂಟು ಮೆತ್ತಿ ಮೇಲಂತಸ್ತು ಏರಿಸಿದ್ದು ಸರಿ ಎಂದು ನಾನು ಹೇಳಲಾರೆ. ಮಂಟಪದ ಬುಡದಲ್ಲಿ ಬಚ್ಚಲ ನೀರು ಹರಿಯುವುದನ್ನು ನೋಡಿದ ಯಾರೂ ಹೇಳಲಾರರು. ಆದರೆ ತಪ್ಪು ಮಾಡಿದ ಗೋಡೆಗೂ ಅದರೊಳಗಿದ್ದ ಒಲೆಗೂ ವ್ಯತ್ಯಾಸ ಬೇಡವೇ? ಹೂ ಮಾರುವವಳನ್ನೂ ಮೂರಂತಸ್ತು ಕಟ್ಟಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅದು ನ್ಯಾಯವಾಗುತ್ತದೆಯೇ?

ಅನಂತರದ ಒಂದು ವರ್ಷ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ, ಬರಿದಾದ ಆ ಬೀದಿಯಲ್ಲಿ ನಿಂತು ಎಂಟನೆಯ ತರಗತಿಯ ಹುಡುಗಿಯೊಬ್ಬಳು, 'ಟೀಚರ್, ಇಲ್ಲಿ ಬಜಾರು ಅಂತ ಬೋರ್ಡು ಹಾಕ್ಯಾರ, ಅಂಗಡಿ ಒಂದೂ ಇಲ್ಲಲ್ರೀ?' ಎಂದಳು. ಇತಿಹಾಸದ ಪ್ರಶ್ನೆ ಎಂದರೆ ಅದು. ಬಜಾರಿನ ಹೆಸರನ್ನು ಉಳಿಸಿಕೊಂಡು ಬಜಾರನ್ನೇ ತೆಗೆದುಹಾಕಿದರೆ ಉಳಿದದ್ದು ಏನು? ಜನ ಹೋದ ಮೇಲೆ ಕಲ್ಲು ತಾನಾಗಿ ಸುರಕ್ಷಿತವಾಗುತ್ತದೆ ಎಂಬ ನಂಬಿಕೆಯೂ ಗಟ್ಟಿಯಲ್ಲ. 2024ರ ಮೇ ತಿಂಗಳಲ್ಲಿ ಜೋರು ಮಳೆಗೆ ಅದೇ ಬೀದಿಯ ಸಾಲುಮಂಟಪದ ಒಂದು ಭಾಗ ಕುಸಿದುಬಿತ್ತು. ಖಾಲಿ ಮಾಡಿಸಿದರಷ್ಟೇ ಸಾಲದು, ಮೇಲಿಂದ ಮೇಲೆ ನೋಡಿಕೊಳ್ಳುವ ಕೈಯೂ ಬೇಕು.

ನಮ್ಮ ಮನೆಗಳಲ್ಲಿ ಅಜ್ಜಿಯ ಕಾಲದ ಒಂದು ರೇಷ್ಮೆ ಸೀರೆ ಇರುತ್ತದೆ. ದಿನಾ ಉಟ್ಟರೆ ಅದು ಆರು ತಿಂಗಳಲ್ಲಿ ಜೀರ್ಣವಾಗುತ್ತದೆ. ಹಾಗೆಂದು ಟ್ರಂಕಿನ ತಳದಲ್ಲಿಟ್ಟು ಮರೆತರೆ ಮಡಿಕೆ ಇದ್ದಲ್ಲೇ ಹರಿದು ಬರುತ್ತದೆ. ತಿಳಿದ ಹೆಂಗಸರು ಏನು ಮಾಡುತ್ತಾರೆ? ವರ್ಷಕ್ಕೆರಡು ಸಲ ತೆಗೆದು ನೆರಳಿನಲ್ಲಿ ಹರವುತ್ತಾರೆ, ಮಡಿಕೆ ಬದಲಿಸಿ ಇಡುತ್ತಾರೆ, ಹಬ್ಬಕ್ಕೋ ಮದುವೆಗೋ ಒಮ್ಮೆ ಉಡುತ್ತಾರೆ. ಪರಂಪರೆಯ ರಕ್ಷಣೆ ಎಂದು ದೊಡ್ಡ ದೊಡ್ಡ ವರದಿಗಳಲ್ಲಿ ಬರೆಯುವುದು ಇದನ್ನೇ. ಬಳಸಬೇಕು, ಆದರೆ ಹದವರಿತು ಬಳಸಬೇಕು.

ತುರ್ತಾ ಕಾಲುವೆ ಉಳಿದದ್ದೂ ಹಾಗೆಯೇ. ಅದರ ನೀರಿನಿಂದ ಬಾಳೆ ಬೆಳೆದು ಬದುಕುವವರು ಇದ್ದುದರಿಂದ ಅದರ ಹೂಳು ತೆಗೆಯುವವರೂ ಇದ್ದರು. ಒಡ್ಡು ಒಡೆದರೆ ನಷ್ಟ ತಮ್ಮದೇ ಎಂದು ಅವರಿಗೆ ಗೊತ್ತಿತ್ತು. ನಮ್ಮ ನಾಡಿನ ಕೆರೆಗಳಿಗೆ ನೀರಗಂಟಿ ಇದ್ದಂತೆ, ಯಾರ ಗದ್ದೆಗೆ ಎಷ್ಟು ನೀರು, ಯಾವಾಗ ತೂಬು ಮುಚ್ಚಬೇಕು ಎಂದು ನೋಡುವ ಒಬ್ಬ ಇರಲೇಬೇಕು. ಕಟ್ಟುಪಾಡು ಇಲ್ಲದ ನೀರು ಒಬ್ಬನ ಗದ್ದೆಯನ್ನು ಕೊಚ್ಚುತ್ತದೆ, ಇನ್ನೊಬ್ಬನ ಗದ್ದೆಯನ್ನು ಒಣಗಿಸುತ್ತದೆ. ಪ್ರವಾಸಿಗಳ ಹಣವೂ ಹೊಳೆಯ ನೀರಿನ ಹಾಗೆಯೇ.

ಇದಕ್ಕೆ ಒಳ್ಳೆಯ ಉದಾಹರಣೆಗಳು ಅಲ್ಲಿಯೇ ಇವೆ. ವಿಠ್ಠಲನ ಗುಡಿಯ ಹತ್ತಿರಕ್ಕೆ ಈಗ ಕಾರು ಬಸ್ಸುಗಳನ್ನು ಬಿಡುವುದಿಲ್ಲ. ಸುಮಾರು ಒಂದು ಕಿಲೋಮೀಟರು ದೂರದಲ್ಲೇ ಇಳಿದು ಬ್ಯಾಟರಿ ಗಾಡಿಯಲ್ಲಿ ಹೋಗಬೇಕು, ಇಲ್ಲವೇ ನಡೆಯಬೇಕು. ಆ ಗಾಡಿ ಓಡಿಸುವವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಹೊಗೆ ತಪ್ಪಿತು, ಅದುರುವುದು ತಪ್ಪಿತು, ಕೆಲವು ಮನೆಗಳಿಗೆ ಸಂಬಳವೂ ಬಂತು. ಆನೆಗುಂದಿಯಲ್ಲಿ ಶಮಾ ಪವಾರ್ ಅವರು 1990ರ ದಶಕದ ಕೊನೆಯಲ್ಲಿ ಕಟ್ಟಿದ ಕಿಷ್ಕಿಂದಾ ಟ್ರಸ್ಟ್ ಊರಿನ ಹೆಂಗಸರಿಗೆ ಬಾಳೆನಾರಿನ ಕಸುಬು ಕಲಿಸಿತು. ಗೊನೆ ಕಡಿದ ಮೇಲೆ ಎಸೆಯುವ ಬಾಳೆದಿಂಡಿನ ನಾರು ಬ್ಯಾಗು, ಬುಟ್ಟಿ, ಚಾಪೆಯಾಗಿ ಮಾರಾಟವಾಗುತ್ತದೆ. ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಅತಿಥಿಗಳನ್ನು ಇಳಿಸುವುದೂ ಅಲ್ಲಿ ನಡೆದಿದೆ. ಗಮನಿಸಿ: ಕಾಲುವೆಯ ನೀರು ಬಾಳೆಯಾಯಿತು, ಬಾಳೆ ನಾರಾಯಿತು, ನಾರು ಒಬ್ಬ ಗೃಹಿಣಿಯ ಕೈಯ ಕಾಸಾಯಿತು. ಆಕೆಗೆ ಇನ್ನು ಆ ಊರಿನ ಹಳೆಯ ಕಲ್ಲನ್ನು ಕಾಯಲು ಯಾರೂ ಉಪದೇಶ ಮಾಡಬೇಕಾಗಿಲ್ಲ.

ಕಟ್ಟುಪಾಡು ಇಲ್ಲದಲ್ಲಿ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಿಲ್ಲ. ಹೊಳೆಯ ನಡುಗಡ್ಡೆ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟುಗಳು ಬೆಳೆಯುತ್ತ ಹೋದವು. ಕೊನೆಗೆ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾಗಿ, ಮುಂದಿನ ತಿಂಗಳೇ ಅವನ್ನು ಕೆಡವಿದರು. ಕಟ್ಟುವಾಗ ಸುಮ್ಮನಿದ್ದು, ವರ್ಷಗಳ ಮೇಲೆ ಕೆಡವುವುದು ಯಾರಿಗೂ ಲಾಭವಲ್ಲ. ಕೆಲಸಕ್ಕಿದ್ದ ಹುಡುಗರು, ಅಡಿಗೆ ಮಾಡುತ್ತಿದ್ದ ಹೆಂಗಸರು ಮೊದಲು ಅನ್ನ ಕಳೆದುಕೊಳ್ಳುತ್ತಾರೆ.

2025ರ ಮಾರ್ಚ್‌ನಲ್ಲಿ ಸಣಾಪುರದ ಹತ್ತಿರ ನಡೆದದ್ದನ್ನು ಬರೆಯಲು ಕೈ ಬರುವುದಿಲ್ಲ, ಬರೆಯದೆ ಇರುವುದೂ ಸರಿಯಲ್ಲ. ರಾತ್ರಿ ಕಾಲುವೆಯ ದಂಡೆಯಲ್ಲಿ ಕೂತಿದ್ದ ವಿದೇಶದ ಒಬ್ಬ ಹೆಣ್ಣುಮಗಳ ಮೇಲೂ, ಆಕೆಗೆ ಇಳಿದುಕೊಳ್ಳಲು ಮನೆ ಕೊಟ್ಟಿದ್ದ ಹೋಂಸ್ಟೇ ನಡೆಸುವ ಹೆಂಗಸಿನ ಮೇಲೂ ಅತ್ಯಾಚಾರವಾಯಿತು. ಜೊತೆಗಿದ್ದ ಒಬ್ಬ ಪ್ರವಾಸಿ ಸತ್ತ. ಅತಿಥಿ ಮತ್ತು ಮನೆಯೊಡತಿ ಇಬ್ಬರಿಗೂ ಒಂದೇ ಗತಿ. ಬರುವವರ ಸಂಖ್ಯೆಯನ್ನು ಹೆಮ್ಮೆಯಿಂದ ಎಣಿಸುವವರು ದಾರಿದೀಪಗಳನ್ನೂ, ಗಸ್ತಿನ ಪೊಲೀಸರನ್ನೂ, ಹೆಂಗಸರಿಗೆ ಶೌಚಾಲಯಗಳನ್ನೂ ಅಷ್ಟೇ ಶ್ರದ್ಧೆಯಿಂದ ಎಣಿಸಬೇಕು. ಹೆಣ್ಣಿಗೆ ಭಯವಿಲ್ಲದೆ ಓಡಾಡಲು ಆಗದ ಊರಿನಲ್ಲಿ ಪ್ರವಾಸೋದ್ಯಮ ಬೆಳೆದಿದೆ ಎನ್ನುವ ಮಾತಿಗೆ ಅರ್ಥವಿಲ್ಲ.

ಸರಕಾರದ ಪಾಲು ಇಷ್ಟಾದರೆ ನೋಡಲು ಹೋಗುವ ನಮ್ಮ ಪಾಲೂ ಇದೆ. 2019ರಲ್ಲಿ ಹಂಪೆಯ ಕಂಬಗಳನ್ನು ಕೆಡವಿ ಅದರ ವಿಡಿಯೋ ಮಾಡಿದ ಯುವಕರಿಗೆ ನ್ಯಾಯಾಲಯ ದಂಡ ಹಾಕಿದ್ದಲ್ಲದೆ, ಬಿದ್ದ ಕಂಬವನ್ನು ಮತ್ತೆ ನಿಲ್ಲಿಸುವ ಕೆಲಸಕ್ಕೂ ಹಚ್ಚಿತು. ಅದಕ್ಕಿಂತ ಒಳ್ಳೆಯ ಇತಿಹಾಸದ ಪಾಠವನ್ನು ಯಾವ ಶಿಕ್ಷಕಿಯೂ ಹೇಳಲಾರಳು. ವಿಠ್ಠಲನ ಗುಡಿಯ ಸ್ವರಗಂಬಗಳನ್ನು ತಟ್ಟಬಾರದೆಂದರೆ 'ನಾವೊಮ್ಮೆ ತಟ್ಟಿದರೆ ಏನಾದೀತು' ಎನ್ನುವವರು ನಮ್ಮ ನಡುವೆಯೇ ಇದ್ದಾರೆ. ಒಂದೊಂದೇ ಸಲ ಎಂದು ಸಾವಿರಾರು ಕೈ ತಟ್ಟಿದ್ದರಿಂದಲೇ ಆ ನಿಷೇಧ ಬಂದದ್ದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಹಿರಿಯರು ಹೇಳಿದ್ದು ಹಣಕ್ಕಷ್ಟೇ ಅಲ್ಲ.

ಹಂಪೆಗೆ ಹೋಗುವವರು ಒಂದೇ ದಿನದಲ್ಲಿ ಹತ್ತು ಜಾಗ ಓಡಿ ನೋಡುವ ಬದಲು ಒಂದು ರಾತ್ರಿ ಅಲ್ಲಿಯೇ ಉಳಿಯಿರಿ. ಪರವಾನಗಿ ಇರುವ ಸ್ಥಳೀಯರ ಮನೆಯಲ್ಲಿ ಇಳಿಯಿರಿ, ಊರಿನ ಗೈಡನ್ನೇ ಕರೆದುಕೊಳ್ಳಿ, ನೀರಿನ ಬಾಟಲಿ ಮನೆಯಿಂದ ಒಯ್ಯಿರಿ. ಬಾಳೆಹಣ್ಣನ್ನು ಅಲ್ಲಿಯ ತೋಟದವರಿಂದಲೇ ಕೊಳ್ಳಿ, ಐದು ರೂಪಾಯಿಗೆ ಚೌಕಾಸಿ ಮಾಡಬೇಡಿ. 2017ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥವಿದೆ. ಆ ನೋಟು ನಮ್ಮ ಪರ್ಸಿನಿಂದ ಹೊರಟು ದೂರದ ದೊಡ್ಡ ಹೋಟೆಲಿನ ಗಲ್ಲಾಪೆಟ್ಟಿಗೆ ಸೇರಿತೋ, ಹೂ ಕಟ್ಟುವವಳ ಸೆರಗಿನ ಗಂಟು ಸೇರಿತೋ ಎಂಬುದರ ಮೇಲೆ ಹಂಪೆ ಹಾಳಾಗುವುದೋ ಬಾಳುವುದೋ ನಿಂತಿದೆ.