ಕಡತ ಸಾಗಿಸುವ ಕರಾರು

ಒಂದು ಊರಿನ ಕಂಪ್ಯೂಟರಿನಲ್ಲಿರುವ ಕಡತವನ್ನು ಇನ್ನೊಂದು ಊರಿನ ಕಂಪ್ಯೂಟರಿಗೆ ಕಳುಹಿಸುವುದು ಇಂದು ಯಾರಿಗೂ ಬೆರಗಿನ ಸಂಗತಿಯಲ್ಲ. ಮದುವೆಯ ಫೋಟೋ, ಬ್ಯಾಂಕಿನ ಲೆಕ್ಕ, ಜಮೀನಿನ ಪಹಣಿ ಎಲ್ಲವೂ ಜಾಲದಲ್ಲಿ ಹರಿದಾಡುತ್ತಿವೆ. ಆದರೆ ಹೀಗೆ ಸಾಗಿಸಲು ಎರಡು ಯಂತ್ರಗಳ ನಡುವೆ ತಂತಿ ಇದ್ದರಷ್ಟೇ ಸಾಲದು. ಅವುಗಳ ನಡುವೆ ಒಂದು ಕರಾರೂ ಇರಬೇಕು. ಆ ಕರಾರಿನ ಮೊದಲ ಕರಡನ್ನು ಬರೆದವರು ಅಲಹಾಬಾದಿನಲ್ಲಿ ಹುಟ್ಟಿ, ಕಾನ್ಪುರದ ಐಐಟಿಯ ಮೊದಲ ತಂಡದಲ್ಲಿ ಕಲಿತ ಅಭಯ್ ಭೂಷಣ್ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

1969ರ ಅಕ್ಟೋಬರ್ 29ರಂದು ಅಮೆರಿಕದ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಅರ್ಪಾನೆಟ್ ಜಾಲದ ಮೊದಲ ಸಂದೇಶ ಹೋಯಿತು. 'ಲಾಗಿನ್' ಎಂಬ ಪದದ ಎರಡು ಅಕ್ಷರ ದಾಟುವಷ್ಟರಲ್ಲಿ ಆಚೆಯ ಯಂತ್ರ ಕೈಕೊಟ್ಟಿತು. ಆ ತೊಡಕು ಬೇಗನೆ ಪರಿಹಾರವಾಯಿತಾದರೂ ಅದಕ್ಕಿಂತ ಕಠಿಣವಾದ ತೊಡಕೊಂದು ಉಳಿದೇ ಇತ್ತು. ಜಾಲದಲ್ಲಿದ್ದ ಯಂತ್ರಗಳು ಒಂದೇ ಜಾತಿಯವಲ್ಲ. ಪಿಡಿಪಿ-10 ಯಂತ್ರ 36 ಬಿಟ್‌ಗಳನ್ನು ಒಂದು ಪದವೆಂದು ಎಣಿಸಿದರೆ, ಐಬಿಎಂ 360 ಎಣಿಸುತ್ತಿದ್ದುದು 32ನ್ನು. ಅಕ್ಷರಗಳಿಗೆ ಒಂದು ಯಂತ್ರ ಕೊಡುತ್ತಿದ್ದ ಸಂಕೇತ ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಊರಿಗೊಂದು ಸೇರು, ಸೀಮೆಗೊಂದು ಮಣ ಇದ್ದ ಕಾಲದಲ್ಲಿ ಸಂತೆಯಿಂದ ಸಂತೆಗೆ ಹೋಗುತ್ತಿದ್ದ ವ್ಯಾಪಾರಿಯ ಪಾಡೇ ಇದು. ಸರಕು ಕಳುಹಿಸಬಹುದು, ತಲುಪಿದ ಮೇಲೆ ಅದು ಅಷ್ಟೇ ಇದೆಯೆಂದು, ಅದೇ ಆಗಿದೆಯೆಂದು ನಂಬುವುದು ಹೇಗೆ?

ಆಗ ಭೂಷಣ್ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂಐಟಿಯಲ್ಲಿದ್ದರು. 1971ರ ಏಪ್ರಿಲ್ 16ರಂದು ಅವರು ಹೊರಡಿಸಿದ ಬರಹವೇ ಕಡತ ಸಾಗಣೆಯ ಕರಾರು, ಅರ್ಥಾತ್ ಎಫ್‌ಟಿಪಿ. ಜಾಲದ ಎಂಜಿನಿಯರುಗಳು ಬರೆಯುತ್ತಿದ್ದ ಇಂಥ ಬರಹಗಳ ಮಾಲೆಗೆ 'ಅಭಿಪ್ರಾಯಕ್ಕಾಗಿ ಕೋರಿಕೆ' ಎಂಬ ಅರ್ಥದ ವಿನಯದ ಹೆಸರಿತ್ತು. ಭೂಷಣರದು ಅದರಲ್ಲಿ 114ನೆಯದು. ಅದು ಸರ್ಕಾರದ ಆದೇಶವಲ್ಲ, ಯಾವ ಕಂಪನಿಯ ಗುಟ್ಟೂ ಅಲ್ಲ. ಯಾರು ಬೇಕಾದರೂ ಓದಬಹುದು, ತಪ್ಪು ತೋರಿಸಬಹುದು, ತಮ್ಮ ಯಂತ್ರಕ್ಕೆ ಅಳವಡಿಸಿಕೊಳ್ಳಬಹುದು.

1972ರ ಪರಿಷ್ಕರಣೆಯ ಹೊತ್ತಿಗೆ ಈ ಕರಾರಿಗೆ ಗಟ್ಟಿಯಾದ ರೂಪ ಬಂದಿತ್ತು. ಅದರ ಜಾಣತನವೆಲ್ಲ ಮಾತನ್ನೂ ಸರಕನ್ನೂ ಬೇರೆ ಬೇರೆ ದಾರಿಯಲ್ಲಿ ಕಳುಹಿಸುವುದರಲ್ಲಿತ್ತು. ಮಂಡಿಯಲ್ಲಿ ಗುಮಾಸ್ತರ ಮಾತುಕತೆ ಒಂದು ಕಡೆ, ಹಮಾಲರು ಮೂಟೆ ಇಳಿಸುವುದು ಇನ್ನೊಂದು ಕಡೆ ನಡೆಯುವುದಿಲ್ಲವೇ, ಹಾಗೆಯೇ. ಮಾತಿನ ದಾರಿಯಲ್ಲಿ 'ಇಂಥ ಕಡತ ಬೇಕು' ಎಂದು ಕೇಳಿದರೆ ಉತ್ತರ ಮೂರು ಅಂಕಿಗಳಲ್ಲಿ ಬರುತ್ತದೆ. ಇಂದಿನ ರೂಢಿಯಲ್ಲಿ 226 ಎಂದರೆ ಸಾಗಣೆ ಮುಗಿಯಿತು. 550 ಎಂದರೆ ಆ ಕಡತ ಸಿಗದು. ಅಂಕಿ ಯಂತ್ರಕ್ಕೆ, ಪಕ್ಕದ ವಿವರಣೆ ಮನುಷ್ಯನಿಗೆ. ಅದೇ ವರ್ಷ ಈ ಕರಾರಿನೊಳಗೇ ಅಂಚೆ ಕಳುಹಿಸುವ ಆಜ್ಞೆಗಳೂ ಸೇರಿದವು. ಇಮೇಲಿಗೆ ತನ್ನದೇ ಕರಾರು ಸಿದ್ಧವಾಗುವ ತನಕ ಅದು ಬಾಡಿಗೆಗಿದ್ದುದು ಈ ಮನೆಯಲ್ಲೇ.

1985ರ ಅಕ್ಟೋಬರಿನಲ್ಲಿ ಹೊರಬಂದ ಪರಿಷ್ಕೃತ ಕರಾರಿನಲ್ಲಿ ಇನ್ನೊಂದು ಸೌಕರ್ಯವಿದೆ. ನಿಧಾನದ ತಂತಿಯ ತುದಿಯಲ್ಲಿ ಕುಳಿತವರು ದೂರದ ಎರಡು ಸರ್ವರುಗಳಿಗೆ 'ನೀವಿಬ್ಬರೇ ನೇರವಾಗಿ ಕಡತ ವರ್ಗಾಯಿಸಿಕೊಳ್ಳಿ' ಎಂದು ಅಪ್ಪಣೆ ಕೊಡಬಹುದು. ಸರಕು ಅವರ ಮನೆಯ ಮುಂದೆ ಹಾಯಬೇಕಾಗಿಲ್ಲ. ಒಬ್ಬರನ್ನೊಬ್ಬರು ಬಲ್ಲವರು ಕಟ್ಟಿದ ಜಾಲದ ಔದಾರ್ಯವಿದು. 'ಅನಾಮಧೇಯ' ಎಂದು ಹೆಸರು ಕೊಟ್ಟು ಯಾರು ಬೇಕಾದರೂ ಪ್ರವೇಶಿಸಬಹುದಾದ ಕಡತ ಭಂಡಾರಗಳೂ ಇದೇ ಔದಾರ್ಯದ ಕೂಸು. 1991ರಲ್ಲಿ ಲೀನಸ್ ತೋರ್ವಾಲ್ಡ್ಸ್ ತಮ್ಮ ಹೊಸ ತಂತ್ರಾಂಶಕ್ಕೆ 'ಫ್ರೀಯಾಕ್ಸ್' ಎಂಬ ಹೆಸರು ಯೋಚಿಸಿದ್ದರು. ಫಿನ್ಲೆಂಡಿನ ಎಫ್‌ಟಿಪಿ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಆರಿ ಲೆಮ್ಕೆ ಅದನ್ನಿಟ್ಟ ಕಪಾಟಿಗೆ 'ಲಿನಕ್ಸ್' ಎಂದು ಹೆಸರಿಟ್ಟರು. ಲೋಕ ಆ ಹೆಸರನ್ನೇ ಉಳಿಸಿಕೊಂಡಿತು.

ಔದಾರ್ಯದ ಜಾಗಕ್ಕೆ ಕಳ್ಳರು ಬರುವುದೂ ಉಂಟು. ಎಫ್‌ಟಿಪಿಯಲ್ಲಿ ಗುಪ್ತಪದ ಬಿಚ್ಚುಕಾಗದದಂತೆ ಸಾಗುತ್ತಿತ್ತು. 1995ರಲ್ಲಿ ಹೆಲ್ಸಿಂಕಿಯ ತಂತ್ರಜ್ಞಾನ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳ ಕಳವು ನಡೆದ ಬಳಿಕ ತತು ಇಲೊನೆನ್ ಅವರು ಎಲ್ಲವನ್ನೂ ಗೂಢಲಿಪಿಗೆ ತಿರುಗಿಸಿ ಕಳುಹಿಸುವ ಎಸ್‌ಎಸ್‌ಎಚ್ ರೂಪಿಸಿದರು. ಸರ್ವರುಗಳ ನಡುವಿನ ನೇರ ವರ್ಗಾವಣೆಯೂ ದುರುಪಯೋಗವಾದಾಗ ಆಡಳಿತಗಾರರು ಆ ಬಾಗಿಲನ್ನೇ ಮುಚ್ಚಿದರು.

ಭಾರತದಲ್ಲಿ ಈ ಕಥೆಗೆ ಬೇರೆ ಮುಖವಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಚಿಪ್ಪುಗಳ ವಿನ್ಯಾಸವನ್ನು ಅಮೆರಿಕಕ್ಕೆ ಕಳುಹಿಸಲು ತನ್ನದೇ ಉಪಗ್ರಹ ಸಂಪರ್ಕ ಬೇಕಾಯಿತು. ಮರುವರ್ಷ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುದಾರನಾಯಿತು. ಜನಸಾಮಾನ್ಯರಿಗೆ ಇಂಟರ್‌ನೆಟ್ ದಕ್ಕಿದ್ದು 1995ರ ಆಗಸ್ಟ್ 15ರ ನಂತರವೇ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಹಡಗುಕಟ್ಟೆಯಿಲ್ಲದೆ ರಫ್ತು ನಡೆಸಿದ್ದು ಇಂಥ ಸಂಪರ್ಕಗಳ ಬಲದಿಂದ.

ದೂರದ ಸಾಗಣೆಗೆ ದೂರದ್ದೇ ಒಂದು ತೆರಿಗೆಯಿದೆ. ಬೆಂಗಳೂರಿನಿಂದ ಅಮೆರಿಕಕ್ಕೆ ಒಂದು ಸಂಕೇತ ಹೋಗಿ ಉತ್ತರ ಬರಲು ಸುಮಾರು ಕಾಲು ಸೆಕೆಂಡು ಬೇಕೆನ್ನೋಣ. ಒಂದೇ ದೊಡ್ಡ ಕಡತಕ್ಕೆ ಇದು ಲೆಕ್ಕಕ್ಕಿಲ್ಲ. ಆದರೆ ಹತ್ತು ಸಾವಿರ ಸಣ್ಣ ಕಡತಗಳನ್ನು ಒಂದೊಂದಾಗಿ ಕೇಳಿ ತರಿಸಿದರೆ ಕಾಯುವುದಕ್ಕೇ ನಲವತ್ತು ನಿಮಿಷ ಮೀರುತ್ತದೆ. ಆದ್ದರಿಂದಲೇ ಬಲ್ಲವರು ಸಣ್ಣ ಕಡತಗಳನ್ನೆಲ್ಲ ಮೊದಲು ಒಂದೇ ಗಂಟು ಕಟ್ಟಿ ಕಳುಹಿಸುತ್ತಾರೆ.

ಇನ್ನೊಂದು ಉಪಾಯ 1996ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಿಂದ ಬಂತು. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಕಡತವಿದ್ದು ಅಲ್ಲಲ್ಲಿ ಮಾತ್ರ ತಿದ್ದುಪಡಿಯಾಗಿದ್ದರೆ ಎಲ್ಲವನ್ನೂ ಮತ್ತೆ ಏಕೆ ಕಳುಹಿಸಬೇಕು? ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ರೂಪಿಸಿದ 'ಆರ್‌ಸಿಂಕ್' ತಂತ್ರಾಂಶ ಕಡತವನ್ನು ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೂ ಒಂದು ತಾಳೆಸಂಖ್ಯೆ ತೆಗೆಯುತ್ತದೆ. ಮೊದಲು ಹೋಗುವುದು ಆ ಸಂಖ್ಯೆಗಳು ಮಾತ್ರ. ತಾಳೆಯಾಗದ ಭಾಗವಷ್ಟೇ ಆಮೇಲೆ ಸಾಗುತ್ತದೆ. ಇಡೀ ಖಾತೆಪುಸ್ತಕವನ್ನು ಹೊರದೆ ಪುಟದ ಮೊತ್ತಗಳನ್ನಷ್ಟೇ ಹೋಲಿಸಿ ನೋಡುವ ಲೆಕ್ಕಿಗರ ಜಾಣ್ಮೆ ಇದು.

ಇಷ್ಟೆಲ್ಲ ಉಪಾಯಗಳಿದ್ದೂ ಕೆಲವೊಮ್ಮೆ ಜಾಲವೇ ಸೋಲುತ್ತದೆ. ಕೃಷ್ಣರಂಧ್ರದ ಮೊದಲ ಚಿತ್ರಕ್ಕಾಗಿ 2017ರ ಏಪ್ರಿಲಿನಲ್ಲಿ ಎಂಟು ದೂರದರ್ಶಕಗಳು ಸುಮಾರು 5 ಪೆಟಾಬೈಟ್ ಮಾಹಿತಿ ಕಲೆಹಾಕಿದವು. ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುವ ತಂತಿಯಲ್ಲಿ ಅದನ್ನು ಕಳುಹಿಸಲು 460 ದಿನಗಳಿಗೂ ಹೆಚ್ಚು ಬೇಕು. ಹಾಗಾಗಿ ಡಿಸ್ಕುಗಳನ್ನೇ ಪೆಟ್ಟಿಗೆಯಲ್ಲಿಟ್ಟು ವಿಮಾನದಲ್ಲಿ ಸಾಗಿಸಿದರು. ದಕ್ಷಿಣ ಧ್ರುವದ ಡಿಸ್ಕುಗಳಂತೂ ಅಲ್ಲಿನ ಚಳಿಗಾಲ ಮುಗಿದು ವಿಮಾನ ಹಾರುವ ತನಕ ತಿಂಗಳುಗಟ್ಟಲೆ ಕಾದವು. ಡಿಸ್ಕುಗಳು ಸೇರಿದ್ದು ಜರ್ಮನಿಯ ಬಾನ್ ನಗರಕ್ಕೆ, ಮತ್ತು ಕಡತ ಸಾಗಣೆಯ ಕರಾರು ಹುಟ್ಟಿದ ಅದೇ ಎಂಐಟಿಯ ವೀಕ್ಷಣಾಲಯಕ್ಕೆ. ಚಿತ್ರ ಲೋಕದ ಮುಂದೆ ಬಂದದ್ದು 2019ರ ಏಪ್ರಿಲ್ 10ರಂದು.

ಎಫ್‌ಟಿಪಿಗೆ ಈಗ ವಯಸ್ಸಾಗಿದೆ. ಕ್ರೋಮ್, ಫೈರ್‌ಫಾಕ್ಸ್ ಬ್ರೌಸರುಗಳು 2021ರಲ್ಲಿ ಅದನ್ನು ಕೈಬಿಟ್ಟವು. ಆದರೆ ಅದು ಎತ್ತಿದ ಪ್ರಶ್ನೆ ಹಳತಾಗಿಲ್ಲ. ಇಂದು ಸಂಸ್ಥೆಗಳ ಕಡತಗಳು ಕೆಲವೇ ದೊಡ್ಡ ಕಂಪನಿಗಳ ಉಗ್ರಾಣಗಳಲ್ಲಿವೆ. ಅಲ್ಲಿಗೆ ಕಡತ ತುಂಬುವುದು ಸುಲಭ; ಹೊರತೆಗೆದು ಬೇರೆಡೆಗೆ ಒಯ್ಯಲು ಹೊರಟರೆ ಅನೇಕ ವೇಳೆ ಶುಲ್ಕ ತೆರಬೇಕು. ಬಳಕೆದಾರರು ಒಂದು ಉಗ್ರಾಣದಿಂದ ಇನ್ನೊಂದಕ್ಕೆ ಹೋಗಲು ಅಡ್ಡಿಯಿರಬಾರದೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. 1971ರಲ್ಲಿ ತೊಡಕಾಗಿದ್ದುದು ಒಂದಕ್ಕೊಂದು ಹೊಂದದ ಯಂತ್ರಗಳು. ಈಗಿನ ತೊಡಕು ಒಂದಕ್ಕೊಂದು ಹೊಂದಲೊಲ್ಲದ ವ್ಯಾಪಾರ. ಯಂತ್ರ ಯಾರದೇ ಆಗಿರಲಿ, ಕಡತ ಅದರ ಒಡೆಯ ಹೇಳಿದ ಕಡೆಗೆ ಹೋಗಬೇಕು. ಭೂಷಣರ ಕರಡು ಸಾಧ್ಯಮಾಡಿಕೊಟ್ಟಿದ್ದು ಇದನ್ನೇ. ಐದು ದಶಕಗಳಲ್ಲಿ ತಂತಿಯ ವೇಗ ಊಹೆಗೂ ಮೀರಿ ಬೆಳೆದಿದೆ; ಈ ಮಾತನ್ನು ಉಳಿಸಿಕೊಳ್ಳುವ ಕೆಲಸ ಮಾತ್ರ ಪ್ರತಿ ತಲೆಮಾರಿಗೂ ಹೊಸದಾಗಿ ಬೀಳುತ್ತಿದೆ.